ಇನ್ನೊಬ್ಬಳ ಹೆಸರಿಗೆ ಹಾಜರಿ

ಕಲಬುರಗಿಯಿಂದ ಹುಮನಾಬಾದಕ್ಕೆ ಹೋಗುವ ಬಸ್ಸಿನಿಂದ ಕಮಲಾಪುರದಲ್ಲಿ ಇಳಿದು ಬಂದ ಜಾನಕೀಬಾಯಿಗೆ ಅವತ್ತು ಕಾಲೇಜಿನ ಗೇಟಿನಲ್ಲೇ ಪ್ರಿನ್ಸಿಪಾಲರು ಎದುರಾದರು. ಜಗದೇವಪ್ಪನವರು ಯಾರಿಗಾಗಿಯೂ ಗೇಟಿನತನಕ ಬಂದು ಕಾಯುವವರಲ್ಲ. ಇಸ್ತ್ರಿಯ ಬಿಳಿ ಅಂಗಿ ಆಗಲೇ ಬೆನ್ನಿಗೆ ಅಂಟಿಕೊಂಡಿತ್ತು.

"ಲಗೂ ಬರ್ರಿ ಮೇಡಂ. ಯುನಿವರ್ಸಿಟಿಯವರು ಬರೂ ಹೊತ್ತಾತು. ಇವತ್ತ ಎಲ್ಲಾ ಹುಡುಗ್ಯಾರೂ ಕ್ಲಾಸಿನ್ಯಾಗ ಅದಾರ. ನೀವು ಹೆಸರು ಕರೀರಿ, ಅವರು ಎಸ್ ಮಿಸ್ ಅಂತಾರ. ಮುಂದ ಪಾಠ ಸುರು ಮಾಡ್ರಿ. ಅಷ್ಟ."

"ಎಲ್ಲಾ ಹುಡುಗ್ಯಾರು ಅಂದ್ರ?"

"ಎಲ್ಲಾ ಅಂದ್ರ ಎಲ್ಲಾ," ಎಂದು ಅವರು ಮುಂದೆ ನಡೆದುಬಿಟ್ಟರು.

ಕ್ಲಾಸಿನ ಬಾಗಿಲಲ್ಲಿ ನಿಂತಾಗ ಜಾನಕೀಬಾಯಿಗೆ ಅರ್ಥವಾಯಿತು. ಬಿ.ಎ. ಕೊನೆಯ ವರ್ಷದ ಆ ಕೋಣೆಯಲ್ಲಿ ದಿನಾ ಮುಂದಿನ ಬೆಂಚುಗಳಷ್ಟೇ ತುಂಬುತ್ತಿದ್ದವು. ಇವತ್ತು ಹಿಂದಿನ ಗೋಡೆಯವರೆಗೆ ಹೆಂಗಸರು ಕೂತಿದ್ದರು. ಕೆಲವರ ಕೊರಳಲ್ಲಿ ತಾಳಿ, ಒಬ್ಬಳ ಹೆಗಲ ಮೇಲೆ ಅಳತೆಯ ಟೇಪು ತೆಗೆಯಲು ಮರೆತು ಹಾಗೇ ಉಳಿದಿತ್ತು. ಪಕ್ಕದ ಕಟ್ಟಡದ ಹೊಲಿಗೆ ತರಗತಿಯನ್ನು ಇಡಿಯಾಗಿ ಎಬ್ಬಿಸಿ ತಂದು ಇಲ್ಲಿ ಕೂರಿಸಿದ್ದರು.

ಅದು ತೊಂಬತ್ಮೂರನೆಯ ಇಸವಿ. ಅಲ್ಲಿಯವರೆಗೆ ಕಾಲೇಜಿನವರು ಎಷ್ಟು ವಿದ್ಯಾರ್ಥಿಗಳಿದ್ದಾರೆಂದು ಬರೆದು ಕಳಿಸುತ್ತಿದ್ದರೋ ಅಷ್ಟಕ್ಕೆ ವಿಶ್ವವಿದ್ಯಾಲಯ ಅನುದಾನ ಕೊಡುತ್ತಿತ್ತು. ಆ ವರ್ಷದಿಂದ ಬಂದು ನೋಡಿ, ತಲೆ ಎಣಿಸಿಯೇ ಕೊಡುವುದೆಂದು ಠರಾವಾಗಿತ್ತು. ಒಂದು ವಿಷಯಕ್ಕೆ ಇಂತಿಷ್ಟು ವಿದ್ಯಾರ್ಥಿಗಳಿಲ್ಲವೆಂದರೆ ಆ ವಿಷಯ ಕಲಿಸುವವರ ಹುದ್ದೆಗೆ ಮಂಜೂರಾತಿಯೇ ಇಲ್ಲ. ಕಮಲಾಪುರದ ಈ ಮಹಿಳಾ ಕಾಲೇಜಿನಲ್ಲಿ ಹುಡುಗಿಯರು ಸೇರುವಾಗ ಇರುತ್ತಿದ್ದರು, ಮದುವೆಯಾಗಿ ಹೋಗುತ್ತಿದ್ದರು. ಹೆಸರು ಮಾತ್ರ ಹಾಜರಿ ಪುಸ್ತಕದಲ್ಲಿ ಉಳಿಯುತ್ತಿತ್ತು.

ಜಾನಕೀಬಾಯಿ ಅಲ್ಲಿ ಸಮಾಜಶಾಸ್ತ್ರ ಕಲಿಸುತ್ತಿದ್ದಳು. ಕಲಬುರಗಿಯ ಬ್ರಹ್ಮಪುರದಲ್ಲಿ ಅಣ್ಣ ಗೋಪಾಲನ ಮನೆಯಲ್ಲಿದ್ದು ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದಳು. ವಯಸ್ಸು ಮೂವತ್ತಾರು, ಮದುವೆಯಾಗಿರಲಿಲ್ಲ. ಕೆಲಸಕ್ಕೆ ಸೇರಿ ವರ್ಷಗಳು ಕಳೆದರೂ ಹಂಗಾಮಿಯಾಗಿಯೇ ಉಳಿದಿದ್ದಳು. ಊಟಕ್ಕೆ ಕೂತಾಗಲೆಲ್ಲ ಅಣ್ಣ ಕೇಳುವುದು ಒಂದೇ ಮಾತು: "ಆರ್ಡರ್ ಬಂತೇನ?" ಅತ್ತಿಗೆ ಬಾಯಿಬಿಟ್ಟು ಏನೂ ಕೇಳುತ್ತಿರಲಿಲ್ಲ. ಉತ್ತರ ಬರುವತನಕ ಸಾರಿನ ಸೌಟನ್ನು ಪಾತ್ರೆಯ ಮೇಲೇ ಹಿಡಿದಿರುತ್ತಿದ್ದಳು.

ತಪಾಸಣೆಗೆ ಬಂದವರು ಖಮರುದ್ದೀನ್ ಎಂಬ ಅಧಿಕಾರಿ. ನರೆತ ಗಡ್ಡ, ಮೆತ್ತಗಿನ ಮಾತು. ಹಿಂದಿನ ಬೆಂಚಿನ ತುದಿಯಲ್ಲಿ ಕೂತು, ಪಟ್ಟಿ ಬಿಚ್ಚಿ, "ನಡೀಲಿ ಮೇಡಂ" ಎಂದರು. ಜಾನಕೀಬಾಯಿ ಹೆಸರು ಕರೆಯತೊಡಗಿದಳು. ತನ್ನ ದನಿ ತನಗೇ ಬೇರೆ ಯಾರದೋ ಎಂಬಂತೆ ಕೇಳುತ್ತಿತ್ತು.

"ಗುಲ್ಶನ್ ಲಾಲ್ ಅಹ್ಮದ್."

ಗುಲ್ಶನ್ ಇದೇ ಕಾಲೇಜಿನಲ್ಲಿ ಮೊದಲ ಎರಡು ವರ್ಷ ಓದಿ, ಪಾಸಾಗಿ, ಬೇಸಿಗೆಯಲ್ಲಿ ಮದುವೆಯಾಗಿ ಉದಗೀರಕ್ಕೆ ಹೋಗಿದ್ದಳು. ನಾಲ್ಕನೆಯ ಬೆಂಚಿನಲ್ಲಿ ಹಸಿರು ಬಳೆಯ ಒಂದು ಕೈ ಎದ್ದಿತು. "ಎಸ್ ಮಿಸ್."

ಹಾಜರಿ ಮುಗಿದ ಮೇಲೆ ಪಾಠ. ಅವಿಭಕ್ತ ಕುಟುಂಬದ ಲಕ್ಷಣಗಳು. ಒಂದೇ ಸೂರು, ಒಂದೇ ಒಲೆ, ಎಲ್ಲರಿಗೂ ಸಮಾನ ಆಸರೆ ಎಂದು ಜಾನಕೀಬಾಯಿ ಪುಸ್ತಕದಲ್ಲಿದ್ದದ್ದನ್ನೇ ಹೇಳುತ್ತಿದ್ದಾಗ ಹಸಿರು ಬಳೆಯ ಕೈ ಮತ್ತೆ ಎದ್ದಿತು. ಪ್ರಶ್ನೆ ಕೇಳೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

"ಮಿಸ್, ಒಲಿ ಒಂದ ಇರ್ತದ ಖರೆ. ಆದ್ರ ಸೊಸಿ ಎಲ್ಲಾರ್ದು ಆದ ಮ್ಯಾಲ ಉಣ್ತಾಳಲ್ರಿ. ಉಳಿದ್ರ ಉಣ್ತಾಳ. ಅದಕ್ಕ ಪುಸ್ತಕದಾಗ ಏನಂತಾರ್ರಿ?"

ಹುಡುಗಿಯರು ಕಿಸಕ್ಕನೆ ನಕ್ಕರು. ಖಮರುದ್ದೀನ್ ಕೂಡ ತಲೆ ಎತ್ತಿ ನಕ್ಕರು. ಜಾನಕೀಬಾಯಿ ಏನೋ ಉತ್ತರ ಕೊಟ್ಟಳು, ಅವಳು ಮರುಪ್ರಶ್ನೆ ಕೇಳಿದಳು, ಹಾಗೇ ಗಂಟೆ ಹೊಡೆಯಿತು. ಹೊರಗೆ ಹೋಗುವಾಗ ಅಧಿಕಾರಿ ಪ್ರಿನ್ಸಿಪಾಲರಿಗೆ ಹೇಳಿದರು, "ಹುಡುಗ್ಯಾರು ಛಲೋ ತಯಾರಾಗ್ಯಾರ. ಆ ಗುಲ್ಶನ್ ಅನ್ನಾಕಿ ಭಾಳ ಹುಷಾರ್ ಅದಾಳ." ಜಗದೇವಪ್ಪನವರು ಬೆವರು ಒರೆಸಿಕೊಂಡರು.

ಮರುದಿನ ಹೊಲಿಗೆಯವರು ಹೊಲಿಗೆಗೆ ಹೋದರು. ನಾಲ್ಕನೆಯ ಬೆಂಚಿನವಳು ಮಾತ್ರ ಮತ್ತೆ ಬಂದು ಕೂತಿದ್ದಳು.

"ನಿನ್ನ ಹೆಸರೇನವ್ವ?"

"ಚಂದಮ್ಮ ರೀ. ಪಿಯುಸಿ ಪಾಸ್ ಆಗೀನ್ರಿ ನಾನು. ಮದಿವಿ ಆತು, ಬಿಡಿಸಿದ್ರು. ನಮ್ಮತ್ತಿ ಹೊಲಿಗಿ ಕಲಿಲಿಕ್ಕ ಕಳಸ್ತಾಳ. ಹೊಲಿಗಿ ಮಧ್ಯಾಹ್ನದ ಮ್ಯಾಲ ಕಲಿತೀನ್ರಿ. ಮುಂಜಾನಿ ಇಲ್ಲಿ ಕೂಡ್ಲೇನ್ರಿ?"

"ಖರೇನೇ ಅಡ್ಮಿಶನ್ ಮಾಡ್ಸು. ಫಸ್ಟ್ ಇಯರಿಗೆ."

"ತಾರೀಖು ಮುಗದದಂತ್ರಿ. ಮ್ಯಾಲ ಗಂಡನ ಸಹಿ ಬೇಕಂತ." ಚಂದಮ್ಮ ತಲೆ ತಗ್ಗಿಸಿದಳು. ಗಂಡ ದತ್ತಪ್ಪ ಲಾರಿ ಡ್ರೈವರು. ಕಮಲಾಪುರದ ಸುತ್ತಿನ ತೊಗರಿಯನ್ನು ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಗೆ ಸಾಗಿಸುತ್ತಿದ್ದ. ಹೆಂಡತಿಗೆ ಹೊಲಿಗೆಯ ಯಂತ್ರ ಕೊಡಿಸುವ ಮಾತಾಡುತ್ತಿದ್ದ. ಕಾಲೇಜಿನ ಮಾತೆತ್ತಿದರೆ ಅವನ ಅವ್ವ ಅಂದಿನ ಅಡಿಗೆಯಲ್ಲಿ ಉಪ್ಪಿಲ್ಲ ಎನ್ನುತ್ತಿದ್ದಳಂತೆ.

ಕೂಡು ಎಂದು ಜಾನಕೀಬಾಯಿ ಅನ್ನಲಿಲ್ಲ, ಏಳು ಎಂದೂ ಅನ್ನಲಿಲ್ಲ. ಪಾಠ ಸುರು ಮಾಡಿದಳು.

ದಸರೆ ಕಳೆಯುವಷ್ಟರಲ್ಲಿ ಚಂದಮ್ಮ ಮುಂದಿನ ಬೆಂಚಿಗೆ ಬಂದಿದ್ದಳು. ಹುಡುಗಿಯರು ಚೇಷ್ಟೆಗೆ ಅವಳನ್ನು ಗುಲ್ಶನಕ್ಕ ಎಂದು ಕರೆಯುತ್ತಿದ್ದರು, ಅವಳೂ ಓಗೊಡುತ್ತಿದ್ದಳು. ಹಾಜರಿಯಲ್ಲಿ ಆ ಹೆಸರು ಕರೆದಾಗ ಎಸ್ ಮಿಸ್ ಎನ್ನುವುದು ರೂಢಿಯಾಗಿಬಿಟ್ಟಿತು. ಹಿಂದಿನ ಎರಡು ವರ್ಷದ ಪುಸ್ತಕಗಳನ್ನು ಜಾನಕೀಬಾಯಿ ಕಲಬುರಗಿಯಿಂದ ತಂದುಕೊಟ್ಟಳು. ಇತಿಹಾಸದ ಮೇಡಂ, ಕನ್ನಡದ ಸರ್ ಕೂಡ ಅವಳ ಉತ್ತರಗಳನ್ನು ತಿದ್ದಿಕೊಡುತ್ತಿದ್ದರು. ಎಲ್ಲರಿಗೂ ಗೊತ್ತಿತ್ತು, ಯಾರೂ ಆ ಮಾತು ತೆಗೆಯುತ್ತಿರಲಿಲ್ಲ. ಆ ಕೋಣೆಗೆ ಹೋಗುವುದೆಂದರೆ ಜಾನಕೀಬಾಯಿಗೆ ಈಗ ಒಂದು ಬಗೆಯ ಹುರುಪು. ಬಸ್ಸಿನಲ್ಲಿ ಮಹಾಗಾಂವ ಕ್ರಾಸ್ ದಾಟುವಾಗಲೇ ಇವತ್ತು ಇವಳು ಏನು ಕೇಳಬಹುದು ಎಂದು ಯೋಚಿಸುತ್ತಿದ್ದಳು.

ಸಂಕ್ರಾಂತಿ ಆದ ಮೇಲೆ ವಿಶ್ವವಿದ್ಯಾಲಯದಿಂದ ಸುತ್ತೋಲೆ ಬಂತು. ತಪಾಸಣೆಯ ದಿನ ಎಣಿಸಿದ ಹೆಸರುಗಳನ್ನೂ ಪರೀಕ್ಷೆಗೆ ಕೂತ ಹೆಸರುಗಳನ್ನೂ ಕಂಪ್ಯೂಟರಿನಲ್ಲಿ ತಾಳೆ ನೋಡಲಾಗುವುದು. ವ್ಯತ್ಯಾಸ ಕಂಡುಬಂದಲ್ಲಿ ಅನುದಾನ ತಡೆಹಿಡಿಯಲಾಗುವುದು.

ಜಗದೇವಪ್ಪನವರು ಜಾನಕೀಬಾಯಿಯನ್ನು ಕರೆಸಿ ಬಾಗಿಲು ಮುಂದೆ ಮಾಡಿದರು.

"ಕೆಲವರನ್ನ ಹೆಂಗರ ಮಾಡಿ ತವರಿಗಿ ಕರಿಸಿ ಬರಿಸ್ತೀನಿ. ಕೆಲವರಿಗಿ ಬ್ಯಾನಿ ಅಂತ ಡಾಕ್ಟರ್ ಸರ್ಟಿಫಿಕೇಟ್ ಹಚ್ಚತೀನಿ. ಆದ್ರ ನಿಮ್ಮ ಸಬ್ಜೆಕ್ಟಿನ್ಯಾಗ ಒಬ್ಬಾಕಿ ಕಮ್ಮಿ ಬೀಳ್ತಾಳ ಮೇಡಂ. ಗುಲ್ಶನ್ ಬರಂಗಿಲ್ಲ. ಗಂಡನ ಮನಿಯವರು ಕಳಸಂಗಿಲ್ಲಂತ. ಚಂದಮ್ಮ ಬರೀಲಿ."

"ಗುಲ್ಶನ್ ಅಂತ?"

"ಹಾಲ್ ಟಿಕೇಟಿನ ಫೋಟೋಕ್ಕ ನಾ ಸಹಿ ಮಾಡ್ತೀನಿ. ಸೆಂಟರ್ ನಮ್ಮದ ಅದ."

"ಸರ್, ಬರಿಯಾಕಿ ಒಬ್ಬಾಕಿ, ಡಿಗ್ರಿ ಇನ್ನೊಬ್ಬಾಕಿಗೆ. ಹೆಂಗ ಒಪ್ಪಲಿ ನಾನು?"

ಜಗದೇವಪ್ಪನವರು ಸಿಟ್ಟಾಗಲಿಲ್ಲ. ಕುರ್ಚಿಗೆ ಒರಗಿ ಕಣ್ಣುಜ್ಜಿಕೊಂಡರು. "ಈ ಕಾಲೇಜ್ ಕಟ್ಟುಮುಂದ ಮನಿಮನಿಗಿ ತಿರುಗೀನ್ರಿ ನಾನು. ಕಲಬುರಗಿಗಿ ಕಳಸ್ತೀರೇನು ನಿಮ್ಮ ಮಗಳಿಗಿ ಅಂತ ಕೇಳಿದ್ರ ಒಬ್ಬರೂ ಹೂಂ ಅನ್ನಲಿಲ್ಲ. ಇಲ್ಲೇ ಇದ್ರ ಕಳಸ್ತೀವಿ ಅಂದ್ರು. ಅದಕ್ಕ ಈ ಕಾಲೇಜ್ ಅದ. ನಿಮ್ಮ ಪೋಸ್ಟಿನ ಫೈಲೂ ಇದೇ ಟೇಬಲ್ ಮ್ಯಾಲ ಅದ, ಮರೀಬ್ಯಾಡ್ರಿ. ಸಬ್ಜೆಕ್ಟ್ ಹೋದ್ರ ನೀವೂ ಹೋದಂಗ."

ಜಾನಕೀಬಾಯಿ ಮರುದಿನ ರಜೆ ಹಾಕಿ ಆಟೋ ಹಿಡಿದು ವಿಶ್ವವಿದ್ಯಾಲಯಕ್ಕೆ ಹೋದಳು. ಇದ್ದದ್ದನ್ನು ಇದ್ದಹಾಗೆ ಹೇಳಿ ಹಗುರಾಗಬೇಕೆಂದು ನಿರ್ಧರಿಸಿಕೊಂಡಿದ್ದಳು. ಖಮರುದ್ದೀನ್ ಅವಳ ಗುರುತು ಹಿಡಿದು ಚಹಾ ತರಿಸಿದರು, ಕಂಪ್ಯೂಟರ್ ಕೋಣೆಯನ್ನು ತೋರಿಸಿದರು. ಅದರ ಬಾಗಿಲ ಹೊರಗೆ ಚಪ್ಪಲಿಗಳು ಸಾಲಾಗಿದ್ದವು, ಒಳಗೆ ತಂಪು ಗಾಳಿ. ಇನ್ನು ಮೇಲೆ ಯಾವ ಕಾಲೇಜಿನ ಪಾಲನ್ನೂ ಇನ್ನೊಂದು ಕಾಲೇಜು ತಿನ್ನುವ ಹಾಗಿಲ್ಲ ಎಂದು ಅವರು ಹೆಮ್ಮೆಯಿಂದಲೇ ಹೇಳಿದರು. ಜಾನಕೀಬಾಯಿ ಚಹಾದ ಕಪ್ಪನ್ನು ಕೆಳಗಿಟ್ಟಳು.

"ಸರ್, ಅವತ್ತು ನೀವು ನೋಡಿದ ಹುಡುಗ್ಯಾರು ಎಲ್ಲಾರೂ ನಮ್ಮವರಲ್ಲ."

ಖಮರುದ್ದೀನ್ ಎದ್ದು ಹೋಗಿ ಬಾಗಿಲು ಹಾಕಿ ಬಂದರು. ಆಮೇಲೆ ಒಂದು ಬಿಳಿಯ ಹಾಳೆ, ಪೆನ್ನು ತೆಗೆದು ಅವಳ ಮುಂದಿಟ್ಟರು.

"ಬರದು ಕೊಡ್ರಿ. ತಗೊಳ್ಳೂದು ನನ್ನ ಡ್ಯೂಟಿ. ಆದ್ರ ಮುಂದಿಂದು ಕೇಳಿ ಬರೀರಿ. ಎನ್ಕ್ವಾಯರಿ ಕೂಡ್ತದ. ಮುಗಿಯೂತನಕ ಕಾಲೇಜಿಗೆಲ್ಲಾ ಹಾಲ್ ಟಿಕೇಟ್ ಬಂದ್. ಖರೇ ಹುಡುಗ್ಯಾರಿಗೂ ಬಂದ್. ಒಂದ್ ವರ್ಷ ಹೋತಂದ್ರ ಅವರು ತಿರುಗಿ ಬರ್ತಾರೇನ್ರಿ? ನನಗೂ ಹೆಣ್ಣಮಕ್ಕಳದಾರ. ಜಬರ್ದಸ್ತಿ ಇಲ್ಲ. ನೀವು ಬರದ್ರ ನಾ ಮುಚ್ಚಿ ಇಡಂಗಿಲ್ಲ, ಬರೀಲಿಲ್ಲಂದ್ರ ನೀವು ಚಹಾಕ್ಕ ಬಂದಿದ್ರಿ."

ಜಾನಕೀಬಾಯಿ ಪೆನ್ನನ್ನು ಕೈಗೆ ತೆಗೆದುಕೊಂಡಳು. ಮುಂದಿನ ಬೆಂಚಿನ ಮುಖಗಳು ಒಂದೊಂದಾಗಿ ಕಣ್ಣೆದುರು ಬಂದವು. ಅವರಲ್ಲಿ ಇಬ್ಬರಿಗಾಗಲೇ ಗಂಡು ನೋಡುತ್ತಿದ್ದರು. ಪರೀಕ್ಷೆ ಆಗಲಿ ಎಂದು ಮನೆಯವರು ತಡೆದಿದ್ದರು. ಆ ಮುಖಗಳ ಹಿಂದೆ ಅಣ್ಣನ ಮನೆಯ ಊಟದ ಹೊತ್ತೂ ಇತ್ತು. ಅದನ್ನು ಅವಳು ತನ್ನಿಂದಲೇ ಮರೆಮಾಚಲಾರದೆ ಹೋದಳು. ಹಾಳೆಯ ಮೇಲೆ ತಾರೀಖು ಬರೆದಳು. ಕೈ ಅಲ್ಲಿಗೇ ನಿಂತಿತು. ಹಾಳೆಯನ್ನು ಮಡಚಿ ಪರ್ಸಿಗೆ ಹಾಕಿಕೊಂಡು ಎದ್ದಳು. ಖಮರುದ್ದೀನ್ ಬಾಗಿಲು ತೆಗೆದು ಬದಿಗೆ ನಿಂತರು.

ಇನ್ನು ಉಳಿದವಳು ಚಂದಮ್ಮ. ಅವಳಿಗಾದರೂ ಬಿಡಿಸಿ ಹೇಳೋಣವೆಂದು ಜಾನಕೀಬಾಯಿ ಅವಳನ್ನು ಬೇವಿನ ಮರದ ಕೆಳಗೆ ಕರೆದಳು.

"ನೋಡವ್ವ, ನೀ ಬರದದ್ದು ನಿನಗ ದಕ್ಕಂಗಿಲ್ಲ. ಪಾಸಾದ್ರ ಗುಲ್ಶನ್ ಪಾಸಾಗ್ತಾಳ. ಸಿಕ್ಕಿಬಿದ್ರ ಮಾತ್ರ ನೀ ಸಿಕ್ಕಿಬೀಳ್ತಿ. ಒಲ್ಲೆ ಅನ್ನು. ಸರ್‌ಗೆ ನಾ ಹೇಳ್ತೀನಿ."

ಚಂದಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದಳು. "ಒಲ್ಲೆ ಅಂದ್ರ ನಾಳಿಂದ ಕ್ಲಾಸಿಗೆ ಬಿಡ್ತಾರೇನ್ರಿ ಸರ್?"

ಜಾನಕೀಬಾಯಿ ಪ್ರಿನ್ಸಿಪಾಲರ ಕೋಣೆಯ ಕಡೆಗೆ ನೋಡಿದಳು.

"ನಾ ಬರೀತೀನ್ರಿ ಮಿಸ್. ಹೆಸರು ಯಾರದರ ಇರ್ಲಿ. ಆ ಹಾಲಿನ್ಯಾಗ ಕೂತು, ಪೇಪರ್ ಕೈಯಾಗ ಹಿಡದು, ನನಗ ಬರ್ತದೋ ಇಲ್ಲೋ ನೋಡಬೇಕ್ರಿ ಒಂದ್ ಸಲ."

ಏಪ್ರಿಲ್ ತಿಂಗಳ ಬಿಸಿಲಲ್ಲಿ ಚಂದಮ್ಮ ಎಲ್ಲ ಪೇಪರುಗಳನ್ನೂ ಬರೆದಳು. ಸಮಾಜಶಾಸ್ತ್ರದ ದಿನ ಕೊಠಡಿ ಕಾಯುವ ಕೆಲಸ ಜಾನಕೀಬಾಯಿಗೇ ಬಂದಿತ್ತು. ಉತ್ತರಪತ್ರಿಕೆಗೆ ಸಹಿ ಹಾಕುತ್ತ ಬೆಂಚಿನಿಂದ ಬೆಂಚಿಗೆ ಬಂದು ಅವಳ ಹತ್ತಿರ ನಿಂತಳು. ಹಾಲ್ ಟಿಕೇಟಿನ ಫೋಟೋದಲ್ಲಿ ಚಂದಮ್ಮ, ಕೆಳಗೆ ಗುಲ್ಶನಳ ಹೆಸರು, ಫೋಟೋದ ಅಂಚಿನ ಮೇಲೆ ಪ್ರಿನ್ಸಿಪಾಲರ ಸಹಿ. ಜಾನಕೀಬಾಯಿ ತನ್ನ ಸಹಿಯನ್ನೂ ಹಾಕಿದಳು. ಚಂದಮ್ಮ ತಲೆ ಎತ್ತಲಿಲ್ಲ, ಬರೆಯುತ್ತಲೇ ಇದ್ದಳು. ಅವಳ ಮುಖದಲ್ಲಿ ಭಯವಿರಲಿಲ್ಲ. ಅದನ್ನು ಕಂಡು ಜಾನಕೀಬಾಯಿಗೆ ಇನ್ನಷ್ಟು ಸಂಕಟವಾಯಿತು.

ಜೂನ್‌ನಲ್ಲಿ ಫಲಿತಾಂಶ ಬಂತು. ಗುಲ್ಶನ್ ಲಾಲ್ ಅಹ್ಮದ್, ಪ್ರಥಮ ದರ್ಜೆ. ಲೆಕ್ಕ ತಾಳೆಯಾಯಿತು, ಅನುದಾನ ಬಂತು. ಹಿಂದೆಯೇ ಜಾನಕೀಬಾಯಿಯ ಹುದ್ದೆಗೆ ಮಂಜೂರಾತಿಯೂ ಬಂತು. ಅಣ್ಣ ಜಿಲೇಬಿ ತಂದ. ಅತ್ತಿಗೆ ಬಿಸಿ ಚಪಾತಿಯನ್ನು ಮೊದಲು ಅವಳ ತಾಟಿಗೆ ಹಾಕಿದಳು. ಜಾನಕೀಬಾಯಿ ಜಿಲೇಬಿಯನ್ನು ತಾಟಿನ ಅಂಚಿಗೆ ಸರಿಸಿದಳು.

ಮಳೆ ಹಿಡಿದ ಮೇಲೊಂದು ದಿನ ಗುಲ್ಶನಳ ತಂದೆ ಲಾಲ್ ಅಹ್ಮದ್ ಕಾಲೇಜಿಗೆ ಬಂದ. ಬಾಳೆತೋಟದ ಯಜಮಾನ, ಕಮಲಾಪುರದ ಕೆಂಪು ಬಾಳೆಯ ಒಂದು ಗೊನೆಯನ್ನೇ ಆಳಿನ ಹೆಗಲ ಮೇಲೆ ಹೊರಿಸಿಕೊಂಡು ಬಂದಿದ್ದ. ಅವನ ಹಿಂದೆ ಬುರ್ಖಾದಲ್ಲಿ ಗುಲ್ಶನ್, ಕಂಕುಳಲ್ಲಿ ಹಸುಗೂಸು. ಎರಡು ವರ್ಷ ಮುಂದಿನ ಬೆಂಚಿನಲ್ಲಿ ನಗುತ್ತ ಕೂತಿದ್ದ ಹುಡುಗಿಯ ಕಣ್ಣ ಕೆಳಗೆ ಈಗ ಕಪ್ಪು ಬಿದ್ದಿತ್ತು. ಗಂಡ ಅವಳನ್ನು ಬಿಟ್ಟು ಇನ್ನೊಬ್ಬಳನ್ನು ಮಾಡಿಕೊಂಡಿದ್ದ.

"ಮೇಡಂಬಾಯಿ, ಪಾಸಾಗ್ಯಾಳಂತ ಪ್ರಿನ್ಸಿಪಾಲ್ ಸಾಬ್ ಹೇಳ್ಯಾರ. ಉದಗೀರದಿಂದ ಯಾವಾಗ ಬಂದು ಬರದಾಳೋ ಏನೋ, ಈಕಿ ಬಾಯೇ ಬಿಡವಲ್ಲಳು," ಎಂದ ಲಾಲ್ ಅಹ್ಮದ್. ಅವನು ಗೊನೆ ಇಳಿಸುತ್ತಿದ್ದಾಗ ಗುಲ್ಶನ್ ಜಾನಕೀಬಾಯಿಯ ತೀರ ಹತ್ತಿರ ಬಂದಳು.

"ಮಿಸ್, ನಾ ಪರೀಕ್ಷಾ ಬರದಿಲ್ಲ. ಆವಾಗ ನಾ ಹೆರಿಗಿಗಿ ಉದಗೀರದ ದವಾಖಾನ್ಯಾಗ ಇದ್ದೆ. ಯಾರು ಬರದಾರ್ರಿ?"

ಜಾನಕೀಬಾಯಿ ಹೊಲಿಗೆ ತರಗತಿಗೆ ಹೋಗಿ ಚಂದಮ್ಮಳನ್ನು ಕರೆತಂದಳು. ಖಾಲಿ ಕೋಣೆಯಲ್ಲಿ ಇಬ್ಬರೂ ಎದುರುಬದುರು ನಿಂತರು. ಅಂಕಪಟ್ಟಿ ಮೇಜಿನ ಮೇಲಿತ್ತು. ಚಂದಮ್ಮ ಅದನ್ನು ಎರಡೂ ಕೈಯಿಂದ ಎತ್ತಿ, ಒಂದೊಂದು ವಿಷಯದ ಮುಂದೂ ಬೆರಳಿಟ್ಟು ಓದಿದಳು. ಸಮಾಜಶಾಸ್ತ್ರಕ್ಕೆ ಬಂದಾಗ ಬೆರಳು ತಡೆದು ನಿಂತಿತು. ಆಮೇಲೆ ಅದನ್ನು ಗುಲ್ಶನಳ ಮುಂದೆ ಹಿಡಿದಳು.

"ನಾ ಹೆಂಗ ತಗೊಳ್ಲಿ?" ಎಂದಳು ಗುಲ್ಶನ್. "ಇದು ನಿಮ್ಮದು."

"ಮೊದಲಿನ ಎರಡು ವರ್ಷ ನೀವ ಓದೀರಲ್ಲ. ಅವಿಲ್ಲಂದ್ರ ಇದು ಎಲ್ಲಿಂದ ಬರ್ತಿತ್ತು? ತಗೋರಿ. ನನ್ನ ಬಲ್ಲಿ ಇದ್ರ ಬರೇ ಕಾಗದಾ. ನಿಮಗ ನೌಕರಿ ಆಗ್ತದ. ಕೂಸದ ಕೈಯಾಗ."

ಗುಲ್ಶನ್ ಬಹಳ ಹೊತ್ತು ಅತ್ತಳು. ಕೂಸೂ ಅಳತೊಡಗಿತು. ಚಂದಮ್ಮ ಕೂಸನ್ನು ತಾನು ಎತ್ತಿಕೊಂಡು ವರಾಂಡದಲ್ಲಿ ಅಡ್ಡಾಡಿಸಿದಳು. ಅಂಕಪಟ್ಟಿ ಗುಲ್ಶನಳ ಬುರ್ಖಾದ ಒಳಗೆ ಸೇರಿತು. ಅದನ್ನು ತಡೆಯುವುದೋ, ಹರಸುವುದೋ ತಿಳಿಯದೆ ಜಾನಕೀಬಾಯಿ ಕಿಟಕಿಯ ಸರಳು ಹಿಡಿದು ನಿಂತಿದ್ದಳು.

ಗುಲ್ಶನ್ ತಂದೆಯ ಮುಂದೆ ಸುಳ್ಳು ಹೇಳಲಾರದೆ ಹೋದಳು. ಮನೆಗೆ ಹೋದ ದಿನವೇ ಎಲ್ಲ ಹೇಳಿದಳು. ಲಾಲ್ ಅಹ್ಮದ್ ಮೊದಲು ಗಾಬರಿಯಾದ, ಆಮೇಲೆ ಅವನ ಎದೆ ತುಂಬಿ ಬಂತು. ಪರರ ಮನೆಯ ಹೆಣ್ಣುಮಗಳೊಬ್ಬಳು ತನ್ನ ಮಗಳ ಬದುಕು ಎತ್ತಿಹಿಡಿದಳಲ್ಲ ಎಂದು ಇನ್ನೊಂದು ಗೊನೆ ಕಡಿಸಿ, ಜೊತೆಗೊಂದು ಸೀರೆ ಇಟ್ಟುಕೊಂಡು, ನೆಟ್ಟಗೆ ಚಂದಮ್ಮಳ ಮನೆಗೇ ಹೋದ. ಕಟ್ಟೆಯ ಮೇಲೆ ಕೂತಿದ್ದ ಅತ್ತೆಗೆ ಕೈಮುಗಿದು, "ನಿಮ್ಮ ಸೊಸಿ ನನ್ನ ಮಗಳಾಗಿ ಪರೀಕ್ಷಾ ಬರದಾಳ್ರಿ. ಇಂಥಾ ಸೊಸಿ ಸಿಗೂದು ನಿಮ್ಮ ಪುಣ್ಯ" ಎಂದ. ಓಣಿಗೆಲ್ಲ ಕೇಳುವಂತೆ, ತುಂಬಿದ ಮನಸ್ಸಿನಿಂದ ಹೇಳಿದ.

ಅವತ್ತಿಗೇ ಹೊಲಿಗೆ ನಿಂತಿತು.

ವಾರವಾದರೂ ಅವಳು ಕಾಣದಿದ್ದಾಗ ಜಾನಕೀಬಾಯಿ ಮೊದಲ ವರ್ಷದ ಅರ್ಜಿಯನ್ನು ತಾನೇ ತುಂಬಿ, ಚಂದಮ್ಮ ಎಂಬ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಂಡು ಅವರ ಮನೆಗೆ ಹೋದಳು. ಅತ್ತೆ ಗೌರವದಿಂದ ಚಾಪೆ ಹಾಸಿದಳು. ದತ್ತಪ್ಪ ಆಗಷ್ಟೇ ಲಾರಿ ಬಿಟ್ಟು ಬಂದಿದ್ದ, ಎದ್ದು ನಿಂತು ನಮಸ್ಕಾರ ಮಾಡಿದ. ಚಹಾ ತಂದವಳು ಚಂದಮ್ಮ. ಕಪ್ಪು ಇಟ್ಟು ಬಾಗಿಲ ಆಚೆಗೆ ಸರಿದು ನಿಂತಳು.

"ಈ ಸಲ ಆಕೀ ಹೆಸರಿಲೇ ಅಡ್ಮಿಶನ್ ಮಾಡ್ಸೋಣ. ಫೀ ನಾ ಕಟ್ಟತೀನಿ. ನೀವು ಒಂದು ಸಹಿ ಮಾಡಿದ್ರ ಸಾಕು," ಎಂದಳು ಜಾನಕೀಬಾಯಿ.

ದತ್ತಪ್ಪ ಅರ್ಜಿಯನ್ನು ಓದಿದ. ಅವನ ದನಿಯಲ್ಲಿ ಜೋರಿರಲಿಲ್ಲ.

"ಬಾಯಾರ, ನಾ ಹೊಲಿಗಿಗೆ ಕಳಿಸಿದ್ದೆ. ಆಕಿ ಹೋಗಿದ್ದು ಕಾಲೇಜಿಗೆ. ನಿಮ್ಮ ಮುಂದ ವರ್ಷಪೂರಾ ಇನ್ನೊಬ್ಬಾಕಿ ಹೆಸರು ಹೇಳ್ಯಾಳ. ನೀವು ಓದಿಸಿದವರು, ಬ್ಯಾಡ ಅಂದ್ರೇನು? ಪೊಲೀಸರು ಬಂದಿದ್ರ ಹಿಡಕೊಂಡು ಹೋಗ್ತಿದ್ದದ್ದು ನಿಮ್ಮನ್ನಲ್ಲ, ನನ್ನ ಹೆಂಡತಿಗೆ. ಈಗ ನಿಮ್ಮ ಕಾಲೇಜಿನ ಕಾಗದಕ್ಕ ನಾ ಯಾವ ನಂಬಿಕಿ ಮ್ಯಾಲ ಸಹಿ ಮಾಡ್ಲಿ, ನೀವ ಹೇಳ್ರಿ."

ಜಾನಕೀಬಾಯಿ ಅರ್ಜಿಯನ್ನು ಮಡಚಿಕೊಂಡಳು. ಬೇಡ ಎಂದಿದ್ದೆ ಎಂದು ಹೇಳಬಹುದಿತ್ತು, ಹಾಗೆ ಹೇಳಿದರೆ ಎಲ್ಲ ಚಂದಮ್ಮಳ ತಲೆಗೇ ಬರುತ್ತಿತ್ತು. ಚಹಾ ಆರಿತು. ಅವಳು ಏಳುವಾಗ ಬಾಗಿಲ ಆಚೆಯಿಂದ ಚಂದಮ್ಮಳ ದನಿ ಕೇಳಿತು, "ಕಪ್ಪು ಅಲ್ಲೇ ಇಡ್ರಿ ಮಿಸ್, ನಾ ತಗೋತೀನಿ." ಅಷ್ಟೇ.

ಮುಂದಿನ ವರ್ಷ ಗುಲ್ಶನ್‌ಗೆ ಕಲಬುರಗಿಯ ಹತ್ತಿರ ತಾಜಸುಲ್ತಾನಪುರದ ಖಾಸಗಿ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. ಮೊದಲ ಸಂಬಳದಲ್ಲಿ ಬಟ್ಟೆ ಕೊಂಡು, ರವಿಕೆ ಹೊಲಿಸುವ ನೆಪದಲ್ಲಿ ಚಂದಮ್ಮಳ ಮನೆಗೆ ಹೋದಳು. ದತ್ತಪ್ಪ ಆಡಿದ ಮಾತಿಗೆ ತಪ್ಪದೆ ಯಂತ್ರ ಕೊಡಿಸಿದ್ದ. ಹೊಲಿಗೆಯ ಗಿರಾಕಿಯನ್ನು ಅತ್ತೆ ತಡೆಯಲಿಲ್ಲ. ಗುಲ್ಶನ್ ಅವತ್ತೇ ಜಾನಕೀಬಾಯಿಯನ್ನು ಬಸ್ ನಿಲ್ದಾಣದಲ್ಲಿ ಹಿಡಿದಳು.

"ಮಿಸ್, ಬಾಹ್ಯ ಪರೀಕ್ಷಾ ಅಂತ ಇರ್ತದಲ್ರಿ, ಮನ್ಯಾಗ ಓದಿ ಬರಿಯೂದು? ಅದಕ್ಕ ಕಾಲೇಜಿಗೆ ಹೋಗೂದು ಬ್ಯಾಡಲ್ಲ?"

"ಬ್ಯಾಡ. ಗಂಡನ ಸಹೀನೂ ಬ್ಯಾಡ."

"ಚಂದಮ್ಮ ಅದನ್ನ ಕೇಳಂದಾಳ್ರಿ."

ಹಾಗೆ ಅದು ಸುರುವಾಯಿತು. ಬಟ್ಟೆಯ ಮಡಿಕೆಯೊಳಗೆ ಟಿಪ್ಪಣಿಗಳು ಹೋದವು, ಹೊಲಿದ ರವಿಕೆಯ ಜೊತೆ ಉತ್ತರಗಳು ಬಂದವು. ಜಾನಕೀಬಾಯಿ ಅವನ್ನು ಬಸ್ಸಿನಲ್ಲಿ ತಿದ್ದುತ್ತಿದ್ದಳು. ರಸ್ತೆಯ ಕುಲುಕಾಟಕ್ಕೆ ಕೆಂಪು ಗೆರೆಗಳು ಅಂಕುಡೊಂಕಾಗುತ್ತಿದ್ದವು. ಬಾಹ್ಯ ವಿದ್ಯಾರ್ಥಿಗಳನ್ನು ಯಾವ ಕಾಲೇಜಿನ ಲೆಕ್ಕಕ್ಕೂ ಹಿಡಿಯುವುದಿಲ್ಲವಾದ್ದರಿಂದ ಚಂದಮ್ಮ ಓದುತ್ತಿದ್ದಾಳೆಂಬುದು ಈಗ ಯಾವ ಪಟ್ಟಿಯಲ್ಲೂ ಇರಲಿಲ್ಲ. ಇತ್ತ ಕಾಲೇಜಿನಲ್ಲಿ ಆಗಸ್ಟ್‌ನಲ್ಲಿ ತಪಾಸಣೆ ಬಂದಾಗ ಜಗದೇವಪ್ಪನವರು ಗೇಟಿನಲ್ಲಿ ನಿಲ್ಲುತ್ತಿದ್ದರು. ಜಾನಕೀಬಾಯಿ ತಲೆ ತಗ್ಗಿಸಿ ಒಳಗೆ ಹೋಗಿ ಹೆಸರು ಕರೆಯುತ್ತಿದ್ದಳು. ಅದನ್ನು ಬಿಡುವ ದಾರಿ ಅವಳಿಗೆ ಸಿಗಲಿಲ್ಲ.

ಚಂದಮ್ಮಳ ಪರೀಕ್ಷೆಯ ಅರ್ಜಿಯನ್ನು ಗುಲ್ಶನ್ ತನ್ನ ವಿಳಾಸ ಕೊಟ್ಟು ಕಟ್ಟಿಬಂದಳು. ಬಾಹ್ಯ ವಿದ್ಯಾರ್ಥಿಗಳಿಗೆ ಪರೀಕ್ಷೆಯ ಕೇಂದ್ರ ಕಲಬುರಗಿಯಲ್ಲಿ. ಅಷ್ಟೂ ದಿನ ಯಾವ ನೆಪ ಹೇಳಿ ಚಂದಮ್ಮಳನ್ನು ಮನೆಯಿಂದ ಹೊರಡಿಸುವುದು ಎಂಬುದು ಮೂವರಲ್ಲಿ ಯಾರಿಗೂ ತಿಳಿದಿರಲಿಲ್ಲ. ಗುಲ್ಶನ್ ಒಮ್ಮೆ, ದತ್ತಪ್ಪನ ಮುಂದೆ ಖರೇನೇ ಹೇಳಿಬಿಡೋಣವೇ ಎಂದು ಕೇಳಿದಳು. ಅದಕ್ಕೆ ಚಂದಮ್ಮ ರವಿಕೆಯ ಜೊತೆ ಬರೆದು ಕಳಿಸಿದಳು: "ನಾನೇ ಹೇಳ್ತೀನಿ. ಜರಾ ತಡೀರಿ. ಮೊದಲು ಪುಸ್ತಕ ಒಂದು ಸಲ ಪೂರಾ ಓದಿ ಮುಗಿಸ್ತೀನಿ."